ಎನ್‌ಎಚ್‌ಎಲ್ ಲಾಕ್‌ಔಟ್‌ಗಳಲ್ಲಿ ಆಟಗಾರರ ಒಗ್ಗಟ್ಟು: ಹಮರ್ಲಿಕ್ ನಿಜಕ್ಕೂ ದ್ರೋಹಿಯೇ?

ನೀಲಿಗೆರೆ

ಐಸ್ ಹಾಕಿ ಆಟಗಾರ ರೋಮನ್ ಹಮರ್ಲಿಕ್ ಹೆಸರು ಬಂದಾಗಲೆಲ್ಲ ಕೇಳಿಬರುವುದು ಎರಡೇ ಮಾತು: ಸಂಘದ ಬೆನ್ನಿಗೆ ಚೂರಿ ಹಾಕಿದವನು, ಇಲ್ಲವೇ ಉಳಿದವರು ನುಂಗಿಕೊಂಡದ್ದನ್ನು ಬಾಯಿಬಿಟ್ಟು ಹೇಳಿದವನು. ಎರಡೂ ಅರ್ಧ ಸತ್ಯ ಎಂದು ನನ್ನ ಅಭಿಪ್ರಾಯ.

ಹಿನ್ನೆಲೆ ಬೇಕಾದವರಿಗೆ: 2012ರ ಸೆಪ್ಟೆಂಬರ್ 15ರ ನಡುರಾತ್ರಿ ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್ ಮತ್ತು ಆಟಗಾರರ ಸಂಘದ ಹಳೆಯ ಒಡಂಬಡಿಕೆ ಮುಗಿಯಿತು, ಮಾಲೀಕರು ಬಾಗಿಲು ಹಾಕಿದರು. 2013ರ ಜನವರಿ 6ರ ಬೆಳಗಿನ ಜಾವ ರಾಜಿಯಾಗುವ ಹೊತ್ತಿಗೆ 510 ಪಂದ್ಯಗಳು ಹೋಗಿದ್ದವು, ಉಳಿದದ್ದು ತಂಡಕ್ಕೆ 48 ಪಂದ್ಯಗಳ ಋತು. ನವೆಂಬರ್‌ನಲ್ಲಿ, ವಾಷಿಂಗ್ಟನ್ ಕ್ಯಾಪಿಟಲ್ಸ್‌ನ 38 ವರ್ಷದ ರಕ್ಷಣಾ ಆಟಗಾರ ಹಮರ್ಲಿಕ್ ಚೆಕ್ ಪತ್ರಕರ್ತರ ಮುಂದೆ ಸಂಘದ ಮುಖ್ಯಸ್ಥ ಡಾನ್ ಫಿಯರ್ ವಿರುದ್ಧ ಮಾತಾಡಿದ. ಕಾಲ ನಮ್ಮ ವಿರುದ್ಧ ಓಡುತ್ತಿದೆ, ಹೋದ ಸಂಬಳ ಯಾರು ಕೊಡುತ್ತಾರೆ, ಆಟಗಾರರನ್ನೇ ಕೇಳಿ ಮತ ಹಾಕಿಸಿ ಎಂಬುದು ಅವನ ಮಾತಿನ ಸಾರ. ಅದೇ ತಂಡದ ಗೋಲಿ (ಗೋಲ್‌ಕೀಪರ್) ನೊಯ್ವಿರ್ತ್ ದನಿಗೂಡಿಸಿದ. ಅದೇ ತಂಡದ ಟ್ರಾಯ್ ಬ್ರೌವರ್ ಇಬ್ಬರನ್ನೂ ಬಹಿರಂಗವಾಗಿ ಟೀಕಿಸಿದ. ಒಂದೇ ಡ್ರೆಸ್ಸಿಂಗ್ ರೂಮಿನಲ್ಲಿ ಎರಡು ಬಣ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇದು ಮುಷ್ಕರವಲ್ಲ, ಲಾಕ್‌ಔಟ್. ಮುಷ್ಕರದಲ್ಲಿ ಗೆರೆ ದಾಟಿ ಕೆಲಸಕ್ಕೆ ಹೋದವನು ಕಣ್ಣಿಗೆ ಕಾಣುತ್ತಾನೆ. ಲಾಕ್‌ಔಟ್‌ನಲ್ಲಿ ಬಾಗಿಲೇ ಮುಚ್ಚಿರುವುದರಿಂದ ದಾಟಲು ಗೆರೆಯೇ ಇರುವುದಿಲ್ಲ. ಹಾಗಾಗಿ ನಿಷ್ಠೆ ಒಡೆಯುವುದು ಮೂರು ಕಡೆ ಮಾತ್ರ: ಪತ್ರಿಕೆಯಲ್ಲಿ ಆಡುವ ಮಾತಿನಲ್ಲಿ, ಏಜೆಂಟ್ ಮೂಲಕ ತರುವ ಒತ್ತಡದಲ್ಲಿ, ಬೇರೆ ಲೀಗ್‌ಗೆ ಹೊರಡುವುದರಲ್ಲಿ. ಹಮರ್ಲಿಕ್ ಮಾಡಿದ್ದು ಮೊದಲನೆಯದು. ಮೂರನೆಯದನ್ನು ನೂರಾರು ಜನ ಮಾಡಿದರು, ಅವರನ್ನು ಯಾರೂ ದ್ರೋಹಿ ಎನ್ನಲಿಲ್ಲ.

ಬಟವಾಡೆ_ಲೆಕ್ಕ

ಒಂದು ಲೆಕ್ಕ ಹಾಕಿ ನೋಡಿದರೆ ಹಮರ್ಲಿಕ್ ಮಾತು ಸಿಟ್ಟಿನದ್ದಲ್ಲ, ಗಣಿತದ್ದು ಎಂದು ಗೊತ್ತಾಗುತ್ತದೆ.

ಹಳೆಯ ಒಡಂಬಡಿಕೆಯಲ್ಲಿ ಆಟಗಾರರ ಪಾಲು ಲೀಗ್ ಆದಾಯ ಏರಿದ ಹಾಗೆ ಏರುತ್ತಿತ್ತು: 220 ಕೋಟಿ ಡಾಲರ್‌ವರೆಗೆ ಶೇ. 54, ಆಮೇಲೆ 55, 56, ಹೀಗೆ 270 ಕೋಟಿ ದಾಟಿದರೆ ಶೇ. 57. 2011-12ರಲ್ಲಿ ಆದಾಯ ಸುಮಾರು 330 ಕೋಟಿ ಡಾಲರ್, ಅಂದರೆ ಶೇ. 57ರ ಹಂತದಲ್ಲೇ ಇದ್ದರು. ಮಾಲೀಕರು ಕೇಳಿದ್ದು ಶೇ. 50. ಏಳು ಅಂಶ ಕಡಿಮೆ ಎಂದರೆ ಸಂಬಳದಲ್ಲಿ ಶೇ. 7 ಕಡಿತ ಎಂದು ಅನೇಕರು ತಿಳಿದಿದ್ದಾರೆ. ತಪ್ಪು. 57ರಲ್ಲಿ 7 ಹೋದರೆ ಕಡಿತ ಶೇ. 12.3.

ಎನ್‌ಎಚ್‌ಎಲ್ ಸಂಬಳ ಲೆಕ್ಕವಾಗುವುದು ಲೀಗ್ ಹಂತದ ದಿನಗಳ ಮೇಲೆ. ಆ ವರ್ಷ ಅಕ್ಟೋಬರ್ 11ರಿಂದ ಏಪ್ರಿಲ್ 13, ಒಟ್ಟು 185 ದಿನ. 185ರ ಶೇ. 12.3 ಎಂದರೆ ಸುಮಾರು 23 ದಿನ. ಕರಾರು ಆ ವರ್ಷವೇ ಮುಗಿಯುವ ಆಟಗಾರನಿಗೆ ಲಾಕ್‌ಔಟ್ ಋತುವಿನ 23 ದಿನ ನುಂಗಿದ ಕೂಡಲೇ, ಮಾಲೀಕರು ಕೇಳಿದ್ದನ್ನೆಲ್ಲ ಕೊಟ್ಟುಬಿಟ್ಟಿದ್ದರೆ ಆಗುತ್ತಿದ್ದ ನಷ್ಟಕ್ಕಿಂತ ಹೆಚ್ಚು ನಷ್ಟ ಶುರು. ಆ 23ನೇ ದಿನ ನವೆಂಬರ್ 2.

ಹಮರ್ಲಿಕ್ ಕರಾರು ಎರಡು ವರ್ಷಕ್ಕೆ 70 ಲಕ್ಷ ಡಾಲರ್, 2012-13 ಅದರ ಕೊನೆಯ ವರ್ಷ. ವರ್ಷಕ್ಕೆ 35 ಲಕ್ಷ ಎಂದರೆ ದಿನಕ್ಕೆ ಸುಮಾರು 18,900 ಡಾಲರ್. ಪೂರ್ತಿ ಸೋತು ಒಪ್ಪಿದ್ದರೂ ಅವನಿಗೆ ಹೋಗುತ್ತಿದ್ದದ್ದು 4.3 ಲಕ್ಷ. ಬಾಯಿಬಿಡುವ ಹೊತ್ತಿಗಾಗಲೇ ಹೋಗಿದ್ದು ಅದರ ದುಪ್ಪಟ್ಟಿನ ಹತ್ತಿರ. ಕೊನೆಗೆ 82ರಲ್ಲಿ 48 ಪಂದ್ಯಗಳ ಸಂಬಳ, ಅಂದರೆ ಶೇ. 58.5 ಮಾತ್ರ ಸಿಕ್ಕಿತು. ನಷ್ಟ 14 ಲಕ್ಷಕ್ಕೂ ಮೇಲೆ.

ಈಗ ಇದೇ ಲೆಕ್ಕವನ್ನು ಹತ್ತು ವರ್ಷದ ಕರಾರಿರುವ 24ರ ಹುಡುಗನಿಗೆ ಹಾಕಿ. ವರ್ಷಕ್ಕೆ ಶೇ. 12.3ರಂತೆ ಹತ್ತು ವರ್ಷಕ್ಕೆ ಹೋಗುವುದು ಒಂದು ಪೂರ್ತಿ ಋತು ಮತ್ತು ಇನ್ನೊಂದರ ಕಾಲು ಭಾಗದಷ್ಟು. ಶೇ. 57 ಉಳಿಯುವ ಹಾಗಿದ್ದರೆ ಅವನು ಇಡೀ ವರ್ಷ ಮನೆಯಲ್ಲಿ ಕೂತರೂ ಲಾಭ. ಇಬ್ಬರೂ ಒಂದೇ ಸಂಘದ ಸದಸ್ಯರು, ಇಬ್ಬರಿಗೂ ಒಂದೊಂದೇ ಮತ. ಬಿರುಕು ಮನಸ್ಸಿನಲ್ಲಿ ಹುಟ್ಟುವ ಮೊದಲೇ ಕರಾರುಪತ್ರದಲ್ಲಿ ಇದೆ.

ಮಂಜುಗಡ್ಡೆ

ಲೆಕ್ಕ ಸರಿ, ಆದರೆ ಶೇ. 57 ಉಳಿಯುವ ಸಾಧ್ಯತೆ ಯಾವಾಗ ಇತ್ತು? ಜುಲೈನಲ್ಲಿ ಮಾಲೀಕರ ಮೊದಲ ಪ್ರಸ್ತಾಪ ಆದಾಯದ ಹೊಸ ವ್ಯಾಖ್ಯೆಯಲ್ಲಿ ಶೇ. 46, ಹಳೆಯ ವ್ಯಾಖ್ಯೆಯಲ್ಲಿ ಅದು ಸುಮಾರು ಶೇ. 43. ಅಕ್ಟೋಬರ್ 16ರಂದು 50-50ಕ್ಕೆ ಬಂದರು. ಜನವರಿಯಲ್ಲಿ ರಾಜಿಯಾದದ್ದೂ 50-50ಕ್ಕೇ. ಹಾಗಾದರೆ ಅಕ್ಟೋಬರ್ 16ರಿಂದ ಜನವರಿ 6ರವರೆಗೆ ಸುಟ್ಟ ದಿನಗಳಿಂದ ಆಟಗಾರರಿಗೆ ಸಿಕ್ಕಿದ್ದೇನು? ಹಮರ್ಲಿಕ್‌ನ ನಿಜವಾದ ಪ್ರಶ್ನೆ ಇದೇ.

ಬಟವಾಡೆ_ಲೆಕ್ಕ

ಸಿಕ್ಕಿದ್ದು ಇದೆ. ಯಾರಿಗೆ ಸಿಕ್ಕಿತು ಎಂಬುದನ್ನು ಬಿಡಿಸಿ ನೋಡಬೇಕು.

'ಮೇಕ್ ಹೋಲ್' ಹಣ ಕೊನೆಗೆ 30 ಕೋಟಿ ಡಾಲರ್‌ಗೆ ಏರಿತು. ಹಳೆಯ ಕರಾರುಗಳು ಶೇ. 57ರ ಕಾಲದಲ್ಲಿ ಬರೆದವು, ಪಾಲು 50ಕ್ಕೆ ಇಳಿದರೆ ವ್ಯತ್ಯಾಸವನ್ನು ಎಸ್ಕ್ರೋ ನುಂಗುತ್ತದೆ. ಆ ಪೆಟ್ಟು ತಗ್ಗಿಸಲು ಮಾಲೀಕರು ಪಾಲಿನ ಹೊರಗಿನಿಂದ ಕೊಟ್ಟ ಹಣ ಇದು. ಲಾಭ ಯಾರಿಗೆ? ಕೈಯಲ್ಲಿ ಉದ್ದದ ಕರಾರು ಇದ್ದವರಿಗೆ. 2013ರ ಜೂನ್‌ಗೆ ಕರಾರು ಮುಗಿಯುವವನಿಗೆ ಮುಂದಿನ ವರ್ಷಗಳ ಪರಿಹಾರ ಎಲ್ಲಿಂದ ಬರಬೇಕು?

ಕರಾರಿನ ಉದ್ದಕ್ಕೆ ಮಾಲೀಕರು ಐದು ವರ್ಷ ಎಂದಿದ್ದರು, ಲೀಗ್‌ನ ಉಪ ಆಯುಕ್ತ ಬಿಲ್ ಡೇಲಿ ಇದರಲ್ಲಿ ಒಂದಿಂಚೂ ಕದಲುವುದಿಲ್ಲ ಎಂದು ಡಿಸೆಂಬರ್‌ನಲ್ಲಿ ಬಹಿರಂಗವಾಗಿ ಹೇಳಿದ್ದ. ಕೊನೆಗೆ ಏಳು ವರ್ಷ, ಸ್ವಂತ ತಂಡದಲ್ಲೇ ಉಳಿದರೆ ಎಂಟು. ಇದರ ಲಾಭ ತಾರೆಯರಿಗೆ. ಮೂರನೇ ಸಾಲಿನ ಆಟಗಾರನಿಗೆ ಏಳು ವರ್ಷದ ಕರಾರನ್ನು ಯಾರೂ ಕೊಡುವುದಿಲ್ಲ.

2013-14ರ ಸಂಬಳ ಮಿತಿ ತಂಡಕ್ಕೆ 6 ಕೋಟಿ ಡಾಲರ್ ಎಂದಿದ್ದು 6.43 ಕೋಟಿ ಆಯಿತು. 30 ತಂಡಕ್ಕೆ ಹೆಚ್ಚುವರಿ ಜಾಗ 12.9 ಕೋಟಿ. ಆ ಬೇಸಿಗೆಯಲ್ಲಿ ಕೆಲಸ ಹುಡುಕುವವರಿಗೆ ಇದೇ ನಿಜವಾದ ಆಸರೆ. ಪಿಂಚಣಿ ಬಿಟ್ಟರೆ ಹಮರ್ಲಿಕ್‌ನಂಥವರಿಗೆ ಸಿಕ್ಕ ಏಕೈಕ ಪಾಲು ಎಂದರೂ ಸರಿ, 38ರಲ್ಲಿ ಅದೂ ಉಪಯೋಗಕ್ಕೆ ಬರುವ ಖಾತರಿ ಇಲ್ಲ.

ಪ್ರತಿ ತಂಡಕ್ಕೆ ಎರಡು ವಿಶೇಷ ಬೈಔಟ್, ಅಂದರೆ ಹಣ ಕೊಟ್ಟು ಕರಾರು ಮುರಿಯುವ ಅವಕಾಶ, ಕೊಟ್ಟರು. ಉಳಿದ ಸಂಬಳದ ಮೂರನೇ ಎರಡು ಭಾಗವನ್ನು ಉಳಿದ ಅವಧಿಯ ಇಮ್ಮಡಿ ವರ್ಷಗಳಲ್ಲಿ ಹಂಚಿ ಕೊಡುವುದು, ಅದು ತಂಡದ ಮಿತಿಗೆ ಸೇರುವುದಿಲ್ಲ. ಆದರೆ ಆಟಗಾರರ ಒಟ್ಟು ಪಾಲಿಗೆ ಸೇರುತ್ತದೆ! ಒಬ್ಬನನ್ನು ಮನೆಗೆ ಕಳುಹಿಸುವ ಖರ್ಚನ್ನು ಉಳಿದವರ ಎಸ್ಕ್ರೋ ಹೊರಬೇಕು.

ಪಿಂಚಣಿಯಲ್ಲಿ ಮಾತ್ರ ಎಲ್ಲರಿಗೂ ಗೆಲುವು. ನಿಶ್ಚಿತ ಮೊತ್ತದ ಯೋಜನೆ ಬಂತು. ಕಡಿಮೆ ವರ್ಷ ಆಡಿದವನಿಗೂ ಅದು ಬೆಲೆಬಾಳುವ ವಸ್ತು.

ಮಿಸಿಸಾಗ_ಮಂದಿ

ಎಸ್ಕ್ರೋ ಎಂಬ ಪದ ಪದೇ ಪದೇ ಬರುತ್ತಿದೆ. ಅದು ಹೇಗೆ ನಡೆಯುತ್ತದೆ, ಒಗ್ಗಟ್ಟಿಗೂ ಅದಕ್ಕೂ ಏನು ಸಂಬಂಧ ಎಂದು ಯಾರಾದರೂ ಬಿಡಿಸಿ ಹೇಳಿ.

ಬಟವಾಡೆ_ಲೆಕ್ಕ

ಪ್ರತಿ ಬಟವಾಡೆಯಲ್ಲೂ ಆಟಗಾರನ ಸಂಬಳದಿಂದ ಶೇಕಡಾ ಇಷ್ಟು ಎಂದು ಹಿಡಿದು ಬೇರೆ ಖಾತೆಯಲ್ಲಿ ಇಡುತ್ತಾರೆ. ಋತು ಮುಗಿದ ಮೇಲೆ ಲೀಗ್ ಆದಾಯದ ಲೆಕ್ಕ ಬರುತ್ತದೆ. ಎಲ್ಲ ಕರಾರುಗಳ ಮೊತ್ತ ಆಟಗಾರರಿಗೆ ಸಲ್ಲಬೇಕಾದ ಪಾಲನ್ನು ಮೀರಿದ್ದರೆ ಮೀರಿದಷ್ಟು ಮಾಲೀಕರಿಗೆ, ಉಳಿದದ್ದು ಆಟಗಾರರಿಗೆ ವಾಪಸ್. 50 ಲಕ್ಷದ ಕರಾರು ಎಂದು ಪತ್ರಿಕೆಯಲ್ಲಿ ಬಂದರೂ ಕೈಗೆ ಬರುವುದೆಷ್ಟು ಎಂದು ವರ್ಷ ಮುಗಿಯುವವರೆಗೆ ಗೊತ್ತಿಲ್ಲ.

ಒಗ್ಗಟ್ಟಿನ ಸಂಬಂಧ ಇಲ್ಲಿದೆ. 2011-12ರ ಎಸ್ಕ್ರೋ ಹಣ, ಸಂಬಳದ ಸುಮಾರು ಶೇ. 8ರಷ್ಟು, ಆಟಗಾರರ ಕೈಗೆ ಬಂದದ್ದು 2012ರ ಅಕ್ಟೋಬರ್‌ನಲ್ಲಿ. ಮೊದಲ ಬಟವಾಡೆ ತಪ್ಪಿದ್ದು ಅಕ್ಟೋಬರ್ 15ಕ್ಕೆ. ಅದೇ ತಿಂಗಳು ಈ ಚೆಕ್ ಬಂದದ್ದರಿಂದ ಹೊಟ್ಟೆಗೆ ಬಿಸಿ ತಟ್ಟುವುದು ಐದಾರು ವಾರ ಮುಂದೆ ಹೋಯಿತು. ಅಪಸ್ವರ ನವೆಂಬರ್ ಕೊನೆಯ ಭಾಗದಲ್ಲಿ ಕೇಳಿಬಂದದ್ದಕ್ಕೂ ಇದಕ್ಕೂ ನಂಟಿದೆ ಎಂದು ನನ್ನ ಊಹೆ. ಇದು ಊಹೆ ಮಾತ್ರ.

ನೀಲಿಗೆರೆ

ಮಾಲೀಕರಲ್ಲೂ ಬಿರುಕು ಇತ್ತು, ಅದು ಹೊರಗೆ ಕಾಣಲಿಲ್ಲ ಅಷ್ಟೆ. ಕಾರಣ ದಂಡ. ಹಿಂದಿನ ಲಾಕ್‌ಔಟ್ ವೇಳೆ, 2004ರ ಅಕ್ಟೋಬರ್‌ನಲ್ಲಿ, ಅಟ್ಲಾಂಟಾದ ಸಹಮಾಲೀಕ ಸ್ಟೀವ್ ಬೆಲ್ಕಿನ್ ಬದಲಿ ಆಟಗಾರರನ್ನು ಇಳಿಸುತ್ತೇವೆ ಎಂದ, 2.5 ಲಕ್ಷ ಡಾಲರ್ ದಂಡ ಬಿತ್ತು. 2012ರ ಸೆಪ್ಟೆಂಬರ್‌ನಲ್ಲಿ ಡೆಟ್ರಾಯ್ಟ್ ತಂಡದ ಅಧಿಕಾರಿ ಜಿಮ್ ಡೆವೆಲಾನೋ ಆಟಗಾರರನ್ನು ದನಗಳಿಗೆ ಹೋಲಿಸಿ ಮಾತಾಡಿದ, ಅವನಿಗೂ ಅಷ್ಟೇ. ಜೊತೆಗೆ 2004ರಲ್ಲಿ ಆಯುಕ್ತ ಗ್ಯಾರಿ ಬೆಟ್‌ಮನ್ ಒಪ್ಪದ ರಾಜಿಯನ್ನು ತಡೆಯಲು 30 ಮಾಲೀಕರಲ್ಲಿ 8 ಮಂದಿ ಅವನ ಜೊತೆ ನಿಂತರೆ ಸಾಕಿತ್ತು. ರಾಜಿ ಬೇಕೆನ್ನುವ 22 ಜನ ಇದ್ದರೂ ಅವರ ಮಾತು ನಡೆಯದು. ಆಟಗಾರರ ಸಂಘದಲ್ಲಿ ಇಂಥ ಬೀಗ ಇಲ್ಲ. 700ಕ್ಕೂ ಹೆಚ್ಚು ಬಾಯಿ, ಪ್ರತಿಯೊಂದರ ಮುಂದೆ ಮೈಕು. ಒಬ್ಬ ಹಮರ್ಲಿಕ್ ಮಾತಾಡಿದರೆ ಸಂಘವೇ ಒಡೆದಂತೆ ಕಾಣುವುದು ಈ ಅಸಮತೋಲನದಿಂದ.

ಇನ್ನೊಂದು ತಂತ್ರವನ್ನೂ ಮರೆಯಬಾರದು. ಅಕ್ಟೋಬರ್ 16ರ ಪ್ರಸ್ತಾಪದ ಬೆನ್ನಲ್ಲೇ ತಂಡದ ಅಧಿಕಾರಿಗಳು ಆಟಗಾರರ ಜೊತೆ ನೇರವಾಗಿ ಮಾತಾಡಲು ಲೀಗ್ ಸುಮಾರು 48 ತಾಸಿನ ಅವಕಾಶ ಕೊಟ್ಟಿತು. ಸಂಘಕ್ಕೆ ತಿಳಿಸಲಿಲ್ಲ. ವರ್ಷಗಟ್ಟಲೆ ಜೊತೆಗಿದ್ದ ಜನರಲ್ ಮ್ಯಾನೇಜರ್ ಕರೆ ಮಾಡಿ 'ಪ್ರಸ್ತಾಪ ಓದಿದೆಯಾ?' ಎಂದರೆ ಆಟಗಾರ ಏನು ಹೇಳಬೇಕು? ನಾಳೆ ತಂಡದಲ್ಲಿ ಜಾಗ ಕೊಡುವವನೂ ಅವನೇ.

ಕರಾರುಪತ್ರ

ತಂಡದ ಮೇಲಿನ ಪ್ರೀತಿಯನ್ನೇ ಆಯುಧ ಮಾಡುವುದು 1957ರಿಂದಲೂ ನಡೆದುಬಂದಿದೆ. ಡೆಟ್ರಾಯ್ಟ್ ಆಟಗಾರ ಟೆಡ್ ಲಿಂಡ್ಸೆ ಮತ್ತು ಮಾಂಟ್ರಿಯಲ್‌ನ ಡಗ್ ಹಾರ್ವಿ 1957ರ ಫೆಬ್ರವರಿಯಲ್ಲಿ ಮೊದಲ ಸಂಘ ಘೋಷಿಸಿದರು. ಮೂಲ ಜಗಳ ಪಿಂಚಣಿಯದು: ಆಟಗಾರರು ವರ್ಷಕ್ಕೆ 900 ಡಾಲರ್ ಕಟ್ಟುತ್ತಿದ್ದರು, ನಿಧಿಯ ಲೆಕ್ಕ ತೋರಿಸಿ ಎಂದರೆ ಮಾಲೀಕರು ತೋರಿಸುತ್ತಿರಲಿಲ್ಲ. ಲಿಂಡ್ಸೆ ಆ ಋತುವಿನಲ್ಲಿ 30 ಗೋಲು, 55 ಅಸಿಸ್ಟ್, ಒಟ್ಟು 85 ಅಂಕ ಗಳಿಸಿದ್ದ. ಅವನ ಜೀವನದ ಅತ್ಯುತ್ತಮ ವರ್ಷ. ಜುಲೈನಲ್ಲಿ ಅವನನ್ನು ಗೋಲಿ ಗ್ಲೆನ್ ಹಾಲ್ ಜೊತೆಗೆ ಚಿಕಾಗೋಗೆ ಎಸೆದರು. ಚಿಕಾಗೋ ಆಗ ಲೀಗಿನ ಕೆಳತುದಿಯ ತಂಡ.

ನವೆಂಬರ್‌ನಲ್ಲಿ ಸಂಘದಿಂದ ಮೊದಲು ಹೊರಬಂದದ್ದು ಲಿಂಡ್ಸೆಯ ಹಳೆಯ ತಂಡವಾದ ಡೆಟ್ರಾಯ್ಟೇ. ಗಾರ್ಡಿ ಹೌ, ರೆಡ್ ಕೆಲಿ ಅಲ್ಲಿದ್ದರು. ಜನರಲ್ ಮ್ಯಾನೇಜರ್ ಜ್ಯಾಕ್ ಆಡಮ್ಸ್ ಅವರನ್ನು ಬೆದರಿಸಿ ಒಡೆದದ್ದಕ್ಕಿಂತ, ತಂಡವೆಂಬ ಮನೆಯ ಮಾತಾಡಿ ಒಡೆದದ್ದು ಹೆಚ್ಚು. 1958ರ ಫೆಬ್ರವರಿಯಲ್ಲಿ ಮಾಲೀಕರು 7,000 ಡಾಲರ್ ಕನಿಷ್ಠ ಸಂಬಳ, ಪಿಂಚಣಿಯಲ್ಲಿ ಒಂದಿಷ್ಟು ಏರಿಕೆ ಒಪ್ಪಿದರು, ಸಂಘ ಮುಗಿಯಿತು. ಮುಂದಿನದು 1967ರವರೆಗೆ ಬರಲಿಲ್ಲ. ಡೆಟ್ರಾಯ್ಟ್ ಇನ್ನು ನಾಲ್ಕು ತಿಂಗಳು ನಿಂತಿದ್ದರೆ ಆಟಗಾರರಿಗೆ ಹತ್ತು ವರ್ಷ ಉಳಿಯುತ್ತಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಾಗಾಗಿ ಹಮರ್ಲಿಕ್ ಬಗ್ಗೆ ನನಗೆ ಅಷ್ಟು ಮೃದು ಭಾವನೆ ಇಲ್ಲ.

ಮಂಜುಗಡ್ಡೆ

ಒಗ್ಗಟ್ಟೊಂದೇ ಸಾಕು ಎನ್ನುವುದಕ್ಕೆ 1925ರ ಹ್ಯಾಮಿಲ್ಟನ್ ಟೈಗರ್ಸ್ ಅಡ್ಡ ಬರುತ್ತದೆ. ಋತು 24 ಪಂದ್ಯಗಳಿಂದ 30ಕ್ಕೆ ಏರಿತ್ತು, ಸಂಬಳ ಏರಲಿಲ್ಲ. ಅಂಕಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದ ತಂಡದ ಆಟಗಾರರು ತಲಾ 200 ಡಾಲರ್ ಕೊಡದಿದ್ದರೆ ಪ್ಲೇಆಫ್ ಆಡುವುದಿಲ್ಲ ಎಂದರು. ಒಬ್ಬನೂ ಕದಲಲಿಲ್ಲ. ಲೀಗ್ ಅಧ್ಯಕ್ಷ ಫ್ರ್ಯಾಂಕ್ ಕಾಲ್ಡರ್ ಎಲ್ಲರನ್ನೂ ಅಮಾನತು ಮಾಡಿ, ಟೊರಾಂಟೊ ಮತ್ತು ಮಾಂಟ್ರಿಯಲ್ ನಡುವಿನ ಸರಣಿಯನ್ನೇ ಅಂತಿಮ ಎಂದುಬಿಟ್ಟ. ಆಟಗಾರರ ಕರಾರುಗಳನ್ನು 75,000 ಡಾಲರ್‌ಗೆ ಕೊಂಡು ನ್ಯೂಯಾರ್ಕ್ ಅಮೆರಿಕನ್ಸ್ ಎಂಬ ಹೊಸ ತಂಡ ಕಟ್ಟಿದರು. ಆಟಗಾರರು ವಾಪಸ್ ಬರಲು ತಲಾ 200 ಡಾಲರ್ ದಂಡ ಕಟ್ಟಬೇಕಾಯಿತು, ಕೇಳಿದ್ದ ಮೊತ್ತವೇ. ಒಂದು ತಂಡದೊಳಗಿನ ಒಗ್ಗಟ್ಟು ಪರಿಪೂರ್ಣವಾಗಿತ್ತು, ಉಳಿದ ತಂಡಗಳ ಆಟಗಾರರು ಆಡಿದರು.

ಕೊಡಗಿನ_ಕೋಲು

ನಮ್ಮ ಕಡೆ ಹಾಕಿ ಎಂದರೆ ಹುಲ್ಲಿನ ಹಾಕಿ. ಅಲ್ಲೂ ಇಂಥದ್ದು ಆಗಿದೆ, ಸಂಘವೇ ಇಲ್ಲದೆ. 2010ರ ಜನವರಿಯಲ್ಲಿ, ದೆಹಲಿ ವಿಶ್ವಕಪ್‌ಗೆ ಕೆಲವೇ ವಾರ ಇರುವಾಗ, ಪುಣೆ ಶಿಬಿರದಲ್ಲಿ ಭಾರತ ತಂಡದವರು ಬಾಕಿ ಹಣಕ್ಕಾಗಿ ಅಭ್ಯಾಸ ಬಹಿಷ್ಕರಿಸಿದರು. ಪ್ರಾಯೋಜಕರು ಹಣ ಕೊಟ್ಟ ಮೇಲೆ ಕೆಲವೇ ದಿನದಲ್ಲಿ ಮುಗಿಯಿತು. 2012ರಲ್ಲಿ ವರ್ಲ್ಡ್ ಸೀರೀಸ್ ಹಾಕಿ ಬಂದಾಗ ಇನ್ನೂ ಕಷ್ಟ: ಅದಕ್ಕೆ ಅಂತರರಾಷ್ಟ್ರೀಯ ಫೆಡರೇಷನ್ ಮಾನ್ಯತೆ ಇರಲಿಲ್ಲ, ಹೋದರೆ ರಾಷ್ಟ್ರೀಯ ತಂಡದ ಬಾಗಿಲು ಮುಚ್ಚುವ ಭಯ. ಅರ್ಜುನ್ ಹಾಲಪ್ಪ, ಲೆನ್ ಅಯ್ಯಪ್ಪ ಕರ್ನಾಟಕ ಲಯನ್ಸ್‌ಗೆ ಆಡಿದರು, ಇನ್ನು ಕೆಲವರು ಲಂಡನ್ ಒಲಿಂಪಿಕ್ಸ್ ಕಡೆ ನೋಡಿ ಶಿಬಿರದಲ್ಲೇ ಉಳಿದರು. ಅವರ ಪರವಾಗಿ ಕೂತು ಮಾತಾಡುವ ಸಂಘ ಇರಲಿಲ್ಲ. ತಮ್ಮ ತಮ್ಮ ಲೆಕ್ಕ ತಾವೇ ಹಾಕಿಕೊಳ್ಳಬೇಕಾಯಿತು. ಹಮರ್ಲಿಕ್‌ಗೆ ಬೈಯಲಾದರೂ ಒಂದು ಸಂಘವಿತ್ತು.

ಮಿಸಿಸಾಗ_ಮಂದಿ

ಯುರೋಪಿಗೆ ಹೋದವರ ವಿಷಯಕ್ಕೆ ಬರೋಣ. 2004-05ರಲ್ಲಿ 388 ಎನ್‌ಎಚ್‌ಎಲ್ ಆಟಗಾರರು ಅಲ್ಲಿಗೆ ಹೋದರು. ಸಂಘ ತಡೆಯಲಿಲ್ಲ, ಏಕೆಂದರೆ ಬೇರೆಡೆ ಸಂಬಳ ಬರುವ ಆಟಗಾರ ಹೆಚ್ಚು ದಿನ ಗಟ್ಟಿಯಾಗಿ ನಿಲ್ಲುತ್ತಾನೆ. ಆದರೆ ಅಲ್ಲಿನ ಆಟಗಾರನ ಜಾಗ ಹೋಯಿತಲ್ಲ? ಅವನೂ ಕಾರ್ಮಿಕನೇ.

ನೀಲಿಗೆರೆ

ಅದಕ್ಕೇ 2012ರಲ್ಲಿ ಲೀಗ್‌ಗಳು ಮೊದಲೇ ಬೇಲಿ ಹಾಕಿದವು. ರಷ್ಯಾದ ಕೆಎಚ್‌ಎಲ್ ತಂಡಕ್ಕೆ ಮೂವರು ಎನ್‌ಎಚ್‌ಎಲ್ ಆಟಗಾರರು, ಅದೂ ಮಾಮೂಲಿ ಪಟ್ಟಿಯ ಮೇಲೆ ಹೆಚ್ಚುವರಿಯಾಗಿ, ಸಂಬಳ ಎನ್‌ಎಚ್‌ಎಲ್ ಸಂಬಳದ ಶೇ. 65 ಮೀರಬಾರದು ಎಂದು ನಿಯಮ ಮಾಡಿತು. ಹೆಚ್ಚುವರಿ ಎಂದದ್ದರಿಂದ ಸ್ಥಳೀಯನಿಗೆ ಕರಾರು ಉಳಿಯಿತು, ಮಂಜಿನ ಮೇಲಿನ ನಿಮಿಷಗಳು ಮಾತ್ರ ಹೋದವು.

ಸ್ವೀಡನ್‌ನ ಎಲಿಟ್‌ಸೀರಿಯನ್ ಕ್ಲಬ್‌ಗಳು ಇನ್ನೂ ಬಿಗಿ: ಇಡೀ ಋತುವಿಗೆ ಸಹಿ ಹಾಕುವುದಿದ್ದರೆ ಬನ್ನಿ, ಲಾಕ್‌ಔಟ್ ಮುಗಿದ ದಿನ ಓಡಿಹೋಗುವ ಷರತ್ತಿನ ಕರಾರು ಬೇಡ ಎಂದವು. ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸ್ಪರ್ಧಾ ಪ್ರಾಧಿಕಾರ ಈ ನಿರ್ಬಂಧದ ವಿರುದ್ಧ ಆದೇಶಿಸಿತು. ಆನ್ಜೆ ಕೊಪಿಟಾರ್ ಎರಡನೇ ದರ್ಜೆಯ ಮೋರಾ ತಂಡಕ್ಕೆ ಹೋದ, ಅಲ್ಲಿ ಅವನ ತಮ್ಮ ಆಡುತ್ತಿದ್ದ.

ಕ್ಲಬ್‌ಗಳ ಭಯ ಸುಳ್ಳಲ್ಲ. 2004-05ರಲ್ಲಿ ಆಕ್ ಬಾರ್ಸ್ ಕಜಾನ್ ಲೆಕಾವಲಿಯೆ, ಬ್ರ್ಯಾಡ್ ರಿಚರ್ಡ್ಸ್, ಹೀಟ್ಲಿ, ಕೊವಲ್ಚುಕ್, ಹಬಿಬುಲಿನ್ ಇವರನ್ನೆಲ್ಲ ತುಂಬಿಕೊಂಡು ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಹೊರಬಿತ್ತು. ತಾರೆಯರ ಗುಂಪು ಬೇರೆ, ತಂಡ ಬೇರೆ. ಅದೇ ವರ್ಷ ದಾವೋಸ್ ಜೋ ಥಾರ್ನ್‌ಟನ್, ರಿಕ್ ನ್ಯಾಶ್, ನಿಕ್ಲಾಸ್ ಹಾಗ್‌ಮನ್ ಎಂದು ಮೂವರನ್ನಷ್ಟೇ ಇಟ್ಟುಕೊಂಡು ಸ್ವಿಸ್ ಪ್ರಶಸ್ತಿ ಗೆದ್ದಿತು. ಥಾರ್ನ್‌ಟನ್, ನ್ಯಾಶ್ ಇಬ್ಬರೂ 2012ರಲ್ಲೂ ಅಲ್ಲಿಗೇ ಹೋದರು.

ಬಟವಾಡೆ_ಲೆಕ್ಕ

ವಿಮೆಯ ವಿಷಯ ಬಿಟ್ಟುಹೋಯಿತು. ಯಾರು ಹೋಗಬಲ್ಲರು, ಯಾರು ಹೋಗಲಾರರು ಎಂದು ತೀರ್ಮಾನಿಸಿದ್ದು ದೇಶಪ್ರೇಮಕ್ಕಿಂತ ವಿಮೆ. ಯುರೋಪಿನಲ್ಲಿ ಮೊಣಕಾಲು ಮುರಿದರೆ ಎನ್‌ಎಚ್‌ಎಲ್ ತಂಡ ಅದನ್ನು ತನ್ನ ಕೆಲಸದಲ್ಲಿ ಆದ ಗಾಯ ಎಂದು ಒಪ್ಪಬೇಕಿಲ್ಲ, ಸಂಬಳ ನಿಲ್ಲಿಸಬಹುದು. ಹಾಗಾಗಿ ಉಳಿದಿರುವ ಇಡೀ ಕರಾರಿನ ಮೊತ್ತಕ್ಕೆ ವಿಮೆ ಬೇಕು. ಕರಾರು ಉದ್ದವಾದಷ್ಟೂ ಕಂತು ಏರುತ್ತದೆ. ತಲೆಪೆಟ್ಟಿನ ಇತಿಹಾಸ ಇದ್ದರೆ ಇನ್ನೂ ಕಷ್ಟ. ಪಿಟ್ಸ್‌ಬರ್ಗ್ ತಾರೆ ಸಿಡ್ನಿ ಕ್ರಾಸ್ಬಿಗೆ 2013-14ರಿಂದ ಶುರುವಾಗುವ 12 ವರ್ಷ, 10.44 ಕೋಟಿ ಡಾಲರ್ ಕರಾರಿತ್ತು. ಅವನು ಹೋಗಲೇ ಇಲ್ಲ, ಸಂಧಾನದ ಕೋಣೆಯಲ್ಲಿ ಕೂತ. ಸಣ್ಣ ಕರಾರಿನವನಿಗೆ ಕಂತು ಕಡಿಮೆ, ಆದರೆ ಅವನನ್ನು ಕರೆಯುವ ಕ್ಲಬ್ಬೂ ಕಡಿಮೆ. ದುಬಾರಿ ತಾರೆಗೆ ಹೋಗಲಾಗದು, ಸಾಧಾರಣನಿಗೆ ಕರೆ ಬರದು. ಹೋದವರು ಬಹುಪಾಲು ನಡುವಿನವರು, ಮತ್ತು ತಮ್ಮ ಊರಿಗೆ ಮರಳಿದ ರಷ್ಯನ್, ಚೆಕ್, ಸ್ವಿಸ್ ಆಟಗಾರರು.

ಅಮೆರಿಕದೊಳಗೆ ಇನ್ನೊಂದು ದಾರಿ ಎಎಚ್‌ಎಲ್, ಎನ್‌ಎಚ್‌ಎಲ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಲೀಗ್. ಪ್ರವೇಶ ಹಂತದ ಕರಾರಿನ ಹುಡುಗರನ್ನು ಲಾಕ್‌ಔಟ್‌ಗೆ ಮುಂಚೆ ಕೆಳಗಿನ ತಂಡಕ್ಕೆ ಕಳುಹಿಸಿದರು. ಎಡ್ಮಂಟನ್‌ನ ನ್ಯೂಜೆಂಟ್-ಹಾಪ್ಕಿನ್ಸ್, ಎಬರ್ಲೆ, ಹಾಲ್, ಜಸ್ಟಿನ್ ಶುಲ್ಟ್ಸ್ ಎಲ್ಲ ಒಕ್ಲಹೋಮಾ ಸಿಟಿಯಲ್ಲಿ ಆಡಿದರು. ಆಗ ಇಂಥ ಕರಾರಿನಲ್ಲಿ ಎನ್‌ಎಚ್‌ಎಲ್ ಸಂಬಳ 9.25 ಲಕ್ಷ ಡಾಲರ್‌ವರೆಗೆ, ಎಎಚ್‌ಎಲ್‌ನದು 70,000ದವರೆಗೆ ಇತ್ತು, ಹದಿಮೂರರಲ್ಲಿ ಒಂದು ಪಾಲು. ಆದರೂ ಬಟವಾಡೆ ನಿಲ್ಲಲಿಲ್ಲ, ಆಟವೂ ನಿಲ್ಲಲಿಲ್ಲ. ಅವರು ಬಂದು ಕೂತ ಜಾಗದ ಎಎಚ್‌ಎಲ್ ಆಟಗಾರ ಅದರ ಕೆಳಗಿನ ಇಸಿಎಚ್‌ಎಲ್‌ಗೆ ಜಾರಿದ, ಅಲ್ಲಿನವನು ಇನ್ನೂ ಕೆಳಗೆ. ಕೊನೆಯ ಮೆಟ್ಟಿಲಲ್ಲಿದ್ದವನ ಕೆಲಸ ಹೋದದ್ದು ಯಾವ ಸುದ್ದಿಯಲ್ಲೂ ಬರಲಿಲ್ಲ.

ಮಂಜುಗಡ್ಡೆ

ಎರಡು ದೋಣಿಯಲ್ಲಿ ಕಾಲಿಟ್ಟವರ ಬಗ್ಗೆಯೂ ಹೇಳಬೇಕು. ಮಾರಿಯೋ ಲೆಮ್ಯೂ: ಪಿಟ್ಸ್‌ಬರ್ಗ್ ತಂಡ ದಿವಾಳಿಯಾದಾಗ ಅದರ ತಾರೆಯಾಗಿದ್ದ ಅವನಿಗೆ ಬರಬೇಕಿದ್ದ ಸಂಬಳ ಸುಮಾರು 3.25 ಕೋಟಿ ಡಾಲರ್. ಅದರ ಬಹುಪಾಲನ್ನು ಷೇರಾಗಿ ಮಾಡಿಕೊಂಡು 1999ರಲ್ಲಿ ತಂಡದ ಮಾಲೀಕನಾದ. 2000ದ ಡಿಸೆಂಬರ್ 27ಕ್ಕೆ ಮತ್ತೆ ಆಟಕ್ಕಿಳಿದ. ಚೆಕ್ ತಾರೆ ಯಾಗರ್‌ನಂಥವನಿಗೆ ಸಂಬಳ ಕೊಡಲಾಗದೆ 2001ರಲ್ಲಿ ವಾಷಿಂಗ್ಟನ್‌ಗೆ ಬಿಟ್ಟುಕೊಟ್ಟ ತಂಡ ಅದು. 2004-05ರಲ್ಲಿ ಲೆಮ್ಯೂ ಸಂಬಳ ಮಿತಿಯ ಪರ ಇದ್ದ. ಮಿತಿ ಇಲ್ಲದಿದ್ದರೆ ಪಿಟ್ಸ್‌ಬರ್ಗ್‌ನಲ್ಲಿ ತಂಡವೇ ಉಳಿಯುತ್ತಿರಲಿಲ್ಲ, ತಂಡವಿಲ್ಲದಿದ್ದರೆ ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಆಟಗಾರರ ಕೆಲಸವೂ ಇಲ್ಲ. ಅವನ ನಿಲುವನ್ನು ಸ್ವಾರ್ಥ ಎಂದಷ್ಟೇ ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ.

ಯಾಗರ್ ಇದರ ಇನ್ನೊಂದು ಮುಖ. 2012ರಲ್ಲಿ ಅವನು ಎನ್‌ಎಚ್‌ಎಲ್ ಸಂಘದ ಸದಸ್ಯ, ಹಾಗೆಯೇ ಚೆಕ್ ಲೀಗಿನ ಕ್ಲಾಡ್ನೋ ತಂಡದ ಮಾಲೀಕ. ಅಮೆರಿಕದಲ್ಲಿ ಬಾಗಿಲು ಮುಚ್ಚಿದಾಗ ತನ್ನದೇ ತಂಡಕ್ಕೆ ಆಡಿದ, ಪ್ಲೆಕಾನೆಟ್ಸ್, ಝಿಡ್ಲಿಟ್ಸ್ಕಿ, ತ್ಲುಸ್ತಿ ಜೊತೆಗಿದ್ದರು. ಒಂದು ಕಡೆ ಬೀಗ ಹಾಕಿಸಿಕೊಂಡವನು, ಇನ್ನೊಂದು ಕಡೆ ಸಂಬಳ ಕೊಡುವವನು.

ಕ್ರಾಸ್ಬಿ ಮಾಲೀಕನಲ್ಲ, ಆದರೆ ಮೊದಲ ವರ್ಷಗಳಲ್ಲಿ ಲೆಮ್ಯೂ ಮನೆಯಲ್ಲೇ ಇದ್ದವನು. 2012ರ ಡಿಸೆಂಬರ್ 4ರಿಂದ ನ್ಯೂಯಾರ್ಕ್‌ನಲ್ಲಿ ಬೆಟ್‌ಮನ್, ಫಿಯರ್ ಇಬ್ಬರನ್ನೂ ಹೊರಗಿಟ್ಟು ಮಾಲೀಕರೂ ಆಟಗಾರರೂ ನೇರವಾಗಿ ಕೂತಾಗ ಎದುರು ಬದಿಯಲ್ಲಿ ಲೆಮ್ಯೂನ ಪಾಲುದಾರ ರಾನ್ ಬರ್ಕಲ್ ಇದ್ದ. ಆ ಪರಿಚಯದಿಂದಲೇ ಮೊದಲ ರಾತ್ರಿ ಮಾತು ಮುಂದೆ ಹೋಯಿತು. ಡಿಸೆಂಬರ್ 6ಕ್ಕೆ ಎಲ್ಲ ಕುಸಿಯಿತು. ರಾಜಿ ಹತ್ತಿರದಲ್ಲಿದೆ ಎಂದು ಫಿಯರ್ ಪತ್ರಕರ್ತರಿಗೆ ಹೇಳುತ್ತಿದ್ದಾಗಲೇ ಲೀಗ್ ವಾಯ್ಸ್‌ಮೇಲ್‌ನಲ್ಲಿ ತಿರಸ್ಕಾರ ಕಳುಹಿಸಿತ್ತು.

ಕರಾರುಪತ್ರ

ಆ ಕುಸಿತದ ಮೇಲೆ ಬಂದದ್ದೇ ಕಾನೂನಿನ ಆಟ. 'ಡಿಸ್‌ಕ್ಲೇಮರ್ ಆಫ್ ಇಂಟರೆಸ್ಟ್' ಎಂದರೆ ಸಂಘವು ತಾನು ಇನ್ನು ಆಟಗಾರರ ಪ್ರತಿನಿಧಿಯಲ್ಲ ಎಂದು ಘೋಷಿಸುವುದು. ಸಂಘ ಇರುವವರೆಗೆ ಲಾಕ್‌ಔಟ್‌ಗೆ ಕಾರ್ಮಿಕ ಕಾನೂನಿನ ರಕ್ಷಣೆ ಇದೆ. ಸಂಘ ಸರಿದರೆ 30 ಮಾಲೀಕರು ಒಟ್ಟಾಗಿ ಸಂಬಳ ನಿಲ್ಲಿಸಿದ್ದು ಆ್ಯಂಟಿಟ್ರಸ್ಟ್ (ಪೈಪೋಟಿ ತಡೆಯುವ ಕೂಟಗಳ ವಿರುದ್ಧದ) ಕಾನೂನಿನ ಕೆಳಗೆ ಬರುತ್ತದೆ, ನಷ್ಟದ ಮೂರು ಪಟ್ಟು ಕೇಳಬಹುದು. ಲೀಗ್ ಡಿಸೆಂಬರ್ 14ಕ್ಕೆ ನ್ಯೂಯಾರ್ಕ್ ಫೆಡರಲ್ ಕೋರ್ಟಿಗೆ ಹೋಗಿ, ಲಾಕ್‌ಔಟ್ ಸಕ್ರಮ ಎಂದು ಘೋಷಿಸಿ, ಸಂಘ ಸರಿದರೆ ಈಗಿರುವ ಕರಾರುಗಳೇ ಅನೂರ್ಜಿತ ಎನ್ನಿ ಎಂದು ಕೇಳಿತು.

ಗಮನಿಸಿ, ಈ ಎರಡನೇ ಬೆದರಿಕೆ ಎಲ್ಲರ ಮೇಲೂ ಒಂದೇ ತೂಕದಲ್ಲಿ ಬೀಳುವುದಿಲ್ಲ. 13 ವರ್ಷಕ್ಕೆ 9.8 ಕೋಟಿ ಡಾಲರ್‌ಗೆ ಜುಲೈನಲ್ಲಷ್ಟೇ ಸಹಿ ಹಾಕಿದ ಪರೀಸೆ, ಸೂಟರ್ ಅವರಿಗೆ ಅದು ಆಕಾಶ ಕಳಚಿದ ಹಾಗೆ. ಕರಾರು ಮುಗಿಯುತ್ತಿರುವವನಿಗೆ ಕಳೆದುಕೊಳ್ಳಲು ಏನೂ ಇಲ್ಲ. ಆದರೂ ಡಿಸ್‌ಕ್ಲೇಮರ್‌ಗೆ ಅಧಿಕಾರ ಕೊಡುವ ಆಟಗಾರರ ಮತದಾನದಲ್ಲಿ 706 ಪರ, 22 ವಿರೋಧ. ಹೊರಗೆ ಕೇಳಿದ ಅಪಸ್ವರಕ್ಕೂ ಈ ಸಂಖ್ಯೆಗೂ ಹೊಂದಿಕೆ ಇಲ್ಲ ಎಂದು ಕೆಲವರು ಹೇಳುತ್ತಾರೆ. ನನ್ನ ಪ್ರಕಾರ ಹೊಂದಿಕೆ ಇದೆ: ಬೇಗ ಮುಗಿಯಲಿ ಎನ್ನುವವನೂ, ಗಟ್ಟಿ ನಿಲ್ಲೋಣ ಎನ್ನುವವನೂ ಒಂದೇ ಕಡೆ ಮತ ಹಾಕಬಹುದಾದ ಪ್ರಶ್ನೆ ಅದು. ಗಡುವು ಹತ್ತಿರ ಬಂದರೆ ಮಾತುಕತೆ ಚುರುಕಾಗುತ್ತದೆ, ಚುರುಕಾಯಿತು ಕೂಡ. ಕೊನೆಯ ದಿನಗಳಲ್ಲಿ ಫೆಡರಲ್ ಮಧ್ಯಸ್ಥ ಸ್ಕಾಟ್ ಬೆಕೆನ್‌ಬಾ ಎರಡೂ ಕಡೆಯವರ ಕೋಣೆಗಳ ನಡುವೆ ಓಡಾಡಿ ಕಟ್ಟಿದ ರಾಜಿ ಅದು.

ಬದಲಿ ಆಟಗಾರರ ಬಗ್ಗೆ ಒಂದು ಮಾತು. 2005ರಲ್ಲಿ ಅದು ಖಾಲಿ ಬೆದರಿಕೆಯಾಗಿ ಉಳಿಯಲು ಕಾರಣ ಕೆನಡಾದ ಪ್ರಾಂತ್ಯಗಳ ಕಾನೂನು. ಕ್ವೆಬೆಕ್‌ನಲ್ಲಿ 1977ರಿಂದ, ಬ್ರಿಟಿಷ್ ಕೊಲಂಬಿಯಾದಲ್ಲಿ 1993ರಿಂದ ಬದಲಿ ಕಾರ್ಮಿಕರಿಗೆ ನಿಷೇಧ. ಮಾಂಟ್ರಿಯಲ್, ವ್ಯಾಂಕೂವರ್ ತಂಡಗಳು ಆಡಲಾಗದಿದ್ದರೆ ಅದು ಯಾವ ಸೀಮೆಯ ಎನ್‌ಎಚ್‌ಎಲ್?

ನೀಲಿಗೆರೆ

2005ರ ಫೆಬ್ರವರಿಯನ್ನು ನೋಡದೆ 2012 ಅರ್ಥವಾಗುವುದಿಲ್ಲ. ಸಂಘದ ಆಗಿನ ಮುಖ್ಯಸ್ಥ ಬಾಬ್ ಗುಡ್‌ನೌ ತಿಂಗಳುಗಟ್ಟಲೆ ಆಟಗಾರರಿಗೆ ಹೇಳಿದ್ದು ಒಂದೇ: ಸಂಬಳ ಮಿತಿ ಒಪ್ಪುವ ಪ್ರಶ್ನೆಯೇ ಇಲ್ಲ. ಅದಕ್ಕಾಗಿ 2004ರ ಡಿಸೆಂಬರ್ 9ರಂದು ಎಲ್ಲ ಕರಾರುಗಳಲ್ಲಿ ಶೇ. 24 ಕಡಿತಕ್ಕೂ ಸಂಘ ಸಿದ್ಧವಾಯಿತು. ಮಾಲೀಕರು ಆ ಕಡಿತವನ್ನು ಜೇಬಿಗಿಟ್ಟುಕೊಂಡು ಮಿತಿಯನ್ನೂ ಕೇಳಿದರು. ಜನವರಿ 19ಕ್ಕೆ ಸಂಘದ ಅಧ್ಯಕ್ಷ ಟ್ರೆವರ್ ಲಿಂಡನ್ ಮತ್ತು ಕ್ಯಾಲ್ಗರಿಯ ಮಾಲೀಕ ಹಾರ್ಲಿ ಹಾಚ್‌ಕಿಸ್ ಚಿಕಾಗೋದಲ್ಲಿ ಗುಡ್‌ನೌ, ಬೆಟ್‌ಮನ್ ಇಲ್ಲದೆ ಭೇಟಿಯಾದರು. ಫೆಬ್ರವರಿ ಮಧ್ಯದಲ್ಲಿ ಸಂಘ ಮಿತಿಯ ತತ್ತ್ವವನ್ನೇ ಒಪ್ಪಿತು. ಅನೇಕ ಆಟಗಾರರಿಗೆ ಇದು ತಿಳಿದದ್ದು ಟಿವಿಯಲ್ಲಿ. ಸಂಘ 4.9 ಕೋಟಿ, ಮಾಲೀಕರು 4.25 ಕೋಟಿ ಎಂದಲ್ಲಿಗೆ ನಿಂತು, ಫೆಬ್ರವರಿ 16ಕ್ಕೆ ಋತು ರದ್ದು. 1,230 ಪಂದ್ಯ ಹೋದವು. ಜುಲೈನಲ್ಲಿ ಒಪ್ಪಿದ ಮಿತಿ 3.9 ಕೋಟಿ.

ಅಂದರೆ ಫೆಬ್ರವರಿಯಲ್ಲಿ ಬೇಡವೆಂದದ್ದಕ್ಕಿಂತ ತಂಡಕ್ಕೆ 35 ಲಕ್ಷ ಕಡಿಮೆಗೆ, ಒಂದು ವರ್ಷದ ಸಂಬಳವನ್ನೂ ಬಿಟ್ಟುಕೊಟ್ಟು ಸಹಿ ಹಾಕಿದರು. ಮೆಸಿಯೆ, ಸ್ಕಾಟ್ ಸ್ಟೀವನ್ಸ್, ಮ್ಯಾಕಿನ್ನಿಸ್, ರಾನ್ ಫ್ರಾನ್ಸಿಸ್ ನಾಲ್ವರೂ 2005ರ ಸೆಪ್ಟೆಂಬರ್‌ನ ಮೊದಲ ಎರಡು ವಾರದಲ್ಲಿ ನಿವೃತ್ತರಾದರು. ವಯಸ್ಸು, ಗಾಯ ಎಲ್ಲ ಸೇರಿತ್ತು, ಆದರೆ ಅವರ ಕೊನೆಯ ವರ್ಷವೊಂದನ್ನು ಯಾರೂ ವಾಪಸ್ ಕೊಡಲಿಲ್ಲ.

ಆ ಗಾಯ ಸಂಘದೊಳಗೆ ಹಲವು ವರ್ಷ ಕೀವು ಕಟ್ಟಿತು. ಗುಡ್‌ನೌ ಹೋದ, ಟೆಡ್ ಸ್ಯಾಸ್ಕಿನ್ ಬಂದ. ಕ್ರಿಸ್ ಚೆಲಿಯೋಸ್ ಮುಂತಾದವರು ಅವನ ನೇಮಕವನ್ನೇ ಪ್ರಶ್ನಿಸಿದರು. 2007ರಲ್ಲಿ ಆಟಗಾರರ ಇಮೇಲ್ ಓದಿಸಿದ ಆರೋಪದ ಮೇಲೆ ಸ್ಯಾಸ್ಕಿನ್‌ನನ್ನು ತೆಗೆದರು. ಪಾಲ್ ಕೆಲಿಯನ್ನು 2009ರಲ್ಲಿ ತೆಗೆದರು. ಫಿಯರ್ 2010ರ ಡಿಸೆಂಬರ್‌ನಲ್ಲಿ ಬಂದಾಗ ಮೊದಲು ಬದಲಿಸಿದ್ದು ಮಾಹಿತಿಯ ದಾರಿ: ಯಾವ ಆಟಗಾರನೂ ಸಂಧಾನದ ಕೋಣೆಗೆ ಬಂದು ಕೂರಬಹುದು. 2012ರಲ್ಲಿ ಬಿರುಕು ಕಂಡರೂ ಒಡೆಯದೆ ಉಳಿದದ್ದಕ್ಕೆ ನಾನು ಕೊಡುವ ಮುಖ್ಯ ಕಾರಣ ಇದು. ಕೋಣೆಯಲ್ಲಿ ಕೂತು ನೋಡಿದವನು ಹೊರಗೆ ಬಂದು 'ನಮಗೆ ಸುಳ್ಳು ಹೇಳಿದರು' ಎನ್ನಲಾರ.

ಕರಾರುಪತ್ರ

ಹಾಗಾದರೆ ಹಮರ್ಲಿಕ್ ಕೂಡ ಕೋಣೆಗೆ ಬರಬಹುದಿತ್ತಲ್ಲ. ಪತ್ರಿಕೆಗೆ ಹೇಳುವ ಮುಂಚೆ ಅಲ್ಲಿ ಹೇಳಬೇಕಿತ್ತು. ನನ್ನ ತಕರಾರು ಅದೊಂದೇ. ಅವನು ಹೇಳಿದ ವಿಷಯದ ಮೇಲೆ, ಈ ಲೆಕ್ಕ ನೋಡಿದ ಮೇಲೆ, ತಕರಾರಿಲ್ಲ.

ಬಟವಾಡೆ_ಲೆಕ್ಕ

ಒಪ್ಪುತ್ತೇನೆ. ಅವನು ಮೂರೂ ಲಾಕ್‌ಔಟ್ ಕಂಡವನು ಎಂಬುದನ್ನೂ ಲೆಕ್ಕಕ್ಕೆ ಸೇರಿಸಿ. 1994-95ರಲ್ಲಿ 20ರ ಹುಡುಗ, ಆಗ ಅರ್ಧದ ಹತ್ತಿರ ಋತು ಹೋಯಿತು. 2004-05ರಲ್ಲಿ ಪೂರ್ತಿ. 2012-13ರಲ್ಲಿ 34 ಪಂದ್ಯ. ಮೂರೂ ಸೇರಿದರೆ ಎರಡು ಋತುವಿನ ಹತ್ತಿರ. ಶೇ. 12.3 ಕಡಿತದಲ್ಲಿ ಅಷ್ಟನ್ನು ಕಳೆದುಕೊಳ್ಳಲು 15 ವರ್ಷ ಬೇಕು.

ಮಿಸಿಸಾಗ_ಮಂದಿ

ಆಟ ಶುರುವಾದ ಮೇಲೆ ಅವನಿಗೇನಾಯಿತು?

ನೀಲಿಗೆರೆ

ಕ್ಯಾಪಿಟಲ್ಸ್ ಅವನನ್ನು ಆಡಿಸಿದ್ದೇ ಕಡಿಮೆ. 2013ರ ಮಾರ್ಚ್‌ನಲ್ಲಿ ವೇವರ್ಸ್‌ಗೆ (ಬೇರೆ ತಂಡ ಬೇಕಾದರೆ ಎತ್ತಿಕೊಳ್ಳಬಹುದಾದ ಪಟ್ಟಿಗೆ) ಹಾಕಿದರು, ನ್ಯೂಯಾರ್ಕ್ ರೇಂಜರ್ಸ್ ಎತ್ತಿಕೊಂಡಿತು. ಆ ಬೇಸಿಗೆಯ ನಂತರ ಎನ್‌ಎಚ್‌ಎಲ್‌ನಲ್ಲಿ ಅವನು ಆಡಲಿಲ್ಲ. ಮಾತಾಡಿದ್ದಕ್ಕೆ ಶಿಕ್ಷೆ ಎನ್ನಲು ಆಧಾರವಿಲ್ಲ, 38ರ ಕಾಲುಗಳಿಗೆ ವೇಗ ಕಡಿಮೆಯಾಗಿತ್ತು. ಟೀಕಿಸಿದ್ದ ಬ್ರೌವರ್ ಜೊತೆಗೇ ಅವನು ಜನವರಿ 19ರ ಮೊದಲ ಪಂದ್ಯದ ವಾರ ಅದೇ ಡ್ರೆಸ್ಸಿಂಗ್ ರೂಮಿಗೆ ವಾಪಸಾಗಿದ್ದ. ಶಿಬಿರಕ್ಕೆ ಸಿಕ್ಕಿದ್ದು ಒಂದೇ ವಾರ, ಅಭ್ಯಾಸ ಪಂದ್ಯ ಒಂದೂ ಇರಲಿಲ್ಲ.